ಪಿಪ್ ಬೈದರೂ ಕೇಳಲಿಲ್ಲ, ಆಮೇಲೆ ಒಂದು ಸಂಜೆ ಕೂತು ಸರಿ ಮಾಡಿದೆ

ಡೆಬಿಯನ್ 12 ಲಿನಕ್ಸ್‌ನಲ್ಲಿ ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್‌ಗೆ ವೆಬ್ ಜೊತೆ ಮಾತಾಡೋ ಲೈಬ್ರರಿ ಯುಆರ್‌ಎಲ್‌ಲಿಬ್3ರ ಹೊಸ ವರ್ಷನ್ ಬೇಕಿತ್ತು. ಪೈಥಾನ್ ಪ್ಯಾಕೇಜ್‌ಗಳನ್ನು ಹಾಕೋ ಟೂಲ್ ಪಿಪ್ ಒಪ್ಪಲಿಲ್ಲ. 'ಇಲ್ಲಿನ ಪೈಥಾನ್ ನೋಡಿಕೊಳ್ಳೋದು ಆಪ್ಟ್, ನೀನು ಕೈ ಹಾಕಬೇಡ' ಅನ್ನೋ ಅರ್ಥದ ಎರರ್ ಬಂತು. ಆಪ್ಟ್ ಅಂದರೆ ಡೆಬಿಯನ್‌ನದೇ ಪ್ಯಾಕೇಜ್ ಹಾಕೋ ಟೂಲ್. ದಾಟಿ ಹೋಗೋ ಆಪ್ಷನ್ ಇದೆ. ಅದರ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್', ಅಂದರೆ ಸಿಸ್ಟಮ್ ಪ್ಯಾಕೇಜ್‌ಗಳನ್ನು ಮುರಿ ಅಂತ. ಇನ್ನೇನು ಹೇಳಬೇಕು ಪಾಪ! ನಾನು ಅಡ್ಮಿನ್ ಅಧಿಕಾರ ಕೊಡೋ ಸುಡೋ ಜೊತೆ ಅದನ್ನೂ ಸೇರಿಸಿ ಎಂಟರ್ ಒತ್ತಿದೆ.

ಎರಡು ದಿನ ಬಿಟ್ಟು ಬ್ಯಾಕಪ್ ಟೂಲ್ ಇಂಪೋರ್ಟ್ ಎರರ್ (ಬೇಕಾದ ಲೈಬ್ರರಿ ಲೋಡ್ ಆಗಲಿಲ್ಲ ಅನ್ನೋ ದೂರು) ಕೊಟ್ಟು ನಿಂತಿತು. ಅದು ಆಪ್ಟ್‌ನಿಂದ ಬಂದಿದ್ದು, ನಾನು ಮುಟ್ಟಿಯೇ ಇರಲಿಲ್ಲ. ಮೊದಲು ಅದನ್ನೇ ಸುಮ್ನೆ ಎರಡು ಸಲ ಮರುಇನ್‌ಸ್ಟಾಲ್ ಮಾಡಿದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಪೈಥಾನ್ ತೆರೆದು, ಆ ಟೂಲ್ ಕೂಡ ಬಳಸೋ ಯುಆರ್‌ಎಲ್‌ಲಿಬ್3 ಎಲ್ಲಿಂದ ಬರ್ತಿದೆ ಅಂತ ಪ್ರಿಂಟ್ ಮಾಡಿದೆ. ಅಲ್ಲೇ ಸಿಕ್ಕಿತು. ಆಪ್ಟ್ ಇಟ್ಟಿದ್ದು 1.26, ಆದರೆ ಲೋಡ್ ಆಗ್ತಿದ್ದದ್ದು ನಾನು ಹಾಕಿದ 2ರ ಸರಣಿ. ಸುಡೋ ಪಿಪ್ ಹಾಕಿದ್ದು ಯುಎಸ್‌ಆರ್‌ನ ಲೋಕಲ್ ಫೋಲ್ಡರ್‌ಗೆ ಹೋಗುತ್ತದೆ, ಆಪ್ಟ್‌ನ ಫೋಲ್ಡರ್‌ಗಿಂತ ಮೊದಲು ಪೈಥಾನ್ ಹುಡುಕೋದೂ ಅಲ್ಲೇ.

ಆ ಫೋಲ್ಡರ್‌ನಲ್ಲಿ ಇದ್ದದ್ದನ್ನೆಲ್ಲ ಪಟ್ಟಿ ಮಾಡಿ ಪಿಪ್‌ನಿಂದಲೇ ತೆಗೆದೆ. ತೆಗೆಯೋಕೂ ಅದೇ ಆಪ್ಷನ್ ಬೇಕು, ತಮಾಷೆ ಅಲ್ವಾ? ಬ್ಯಾಕಪ್ ತಕ್ಷಣ ಓಡಿತು.

ಈಗ ಸಿಸ್ಟಮ್‌ಗೆ ಬರೀ ಆಪ್ಟ್. ಕಮಾಂಡ್ ಟೂಲ್‌ಗಳಿಗೆ ಪಿಪ್‌ಎಕ್ಸ್, ಅದು ಒಂದೊಂದು ಟೂಲನ್ನೂ ಬೇರೆ ಬೇರೆ ಇಡುತ್ತದೆ. ಸ್ಕ್ರಿಪ್ಟ್‌ಗಳಿಗೆ ಒಂದೊಂದು ವೆನ್ವ್, ಅಂದರೆ ಸಿಸ್ಟಮ್‌ನಿಂದ ಬೇರೆಯಾಗಿರೋ ಪೈಥಾನ್ ಫೋಲ್ಡರ್. ಅದರೊಳಗೆ ಯಾವ ವರ್ಷನ್ ಬೇಕಾದರೂ ಹಾಕಬಹುದು, ಕೆಟ್ಟರೆ ಫೋಲ್ಡರ್ ಅಳಿಸಿದರಾಯಿತು. ಡಿಸ್ಕ್ ಜಾಗ ಸ್ವಲ್ಪ ಜಾಸ್ತಿ ತಿನ್ನುತ್ತದೆ, ತಿನ್ನಲಿ.