ಒದ್ದೆ ಚೀಲ ಮತ್ತು ಇಲಿಬಾಲದ ಬಾವಲಿ

ಜೋಧಪುರದ ಪಕ್ಕದಲ್ಲೇ ಮಂಡೋರ್ ಇದೆ. 1459ರಲ್ಲಿ ರಾವ್ ಜೋಧಾ ಹೊಸ ಊರು ಕಟ್ಟುವವರೆಗೆ ಅದೇ ಮಾರವಾಡದ ರಾಜಧಾನಿ. ಆ ಕಡೆಯ ಒಂದು ಪಾಳು ಕಟ್ಟಡದಲ್ಲಿ ನಾನು ಮೊದಲ ಸಲ ಮರುಭೂಮಿಯ ಬಾವಲಿ ಹಿಡಿದದ್ದು. ಒಳಗೆ ಕಾಲಿಡುವ ಮುಂಚೆಯೇ ಅಮೋನಿಯಾ ಘಾಟು ಕಣ್ಣಿಗೆ ಹೊಡೆಯುತ್ತದೆ.

ಆಲದ ಮರಕ್ಕೆ ಜೋತುಬಿದ್ದ ದೊಡ್ಡ ತೊಗಲುಬಾವಲಿ ನೋಡಿ ಬೆಳೆದವನು ನಾನು. ಇವು ಬೇರೆಯೇ. ಥೇಟ್ ಇಲಿಯದೇ ಬಾಲ. ಮೂಗಿನ ಹೊಳ್ಳೆ ಸಣ್ಣ ಸೀಳು, ಧೂಳು ಎದ್ದರೆ ಮುಚ್ಚಿಕೊಳ್ಳಬಲ್ಲದು. ಚಳಿಗಾಲದಲ್ಲಿ ಹುಳ ಸಿಗುವುದು ಕಡಿಮೆ, ಅದಕ್ಕೇ ಮೊದಲೇ ಮೈಯಲ್ಲಿ ಕೊಬ್ಬು ಕೂಡಿಡುತ್ತವೆ. ಅಕ್ಟೋಬರ್‌ನಲ್ಲಿ ಹೋಗಿ ತೂಕ ನೋಡಬೇಕು ಅಂತ ಹೊರಟದ್ದು ಆ ಕೊಬ್ಬಿಗಾಗಿಯೇ.

ಅರಣ್ಯ ಇಲಾಖೆಯ ಅನುಮತಿ, ರೇಬೀಸ್ ಲಸಿಕೆ ಎರಡೂ ಮೊದಲೇ ಆಗಿದ್ದವು. ಬಲೆಯನ್ನು ಬಾಗಿಲಿಗೇ ಅಡ್ಡ ಕಟ್ಟಲಿಲ್ಲ. ಒಮ್ಮೆಲೇ ಹತ್ತಾರು ಬಂದು ಬಿದ್ದರೆ ಬಿಡಿಸಲು ಕೈ ಸಾಲುವುದಿಲ್ಲ, ರೆಕ್ಕೆ ಹರಿಯುತ್ತದೆ. ಸ್ವಲ್ಪ ದೂರದಲ್ಲಿ, ಓರೆಯಾಗಿ ಕಟ್ಟಿ, ಪಕ್ಕದಲ್ಲೇ ಕೂತೆವು. ಏಳೆಂಟು ಸಿಕ್ಕ ಕೂಡಲೇ ಬಲೆ ಸುತ್ತಿಟ್ಟೆವು. ಒಂದೊಂದನ್ನೂ ಬೇರೆ ಬೇರೆ ಬಟ್ಟೆ ಚೀಲಕ್ಕೆ ಹಾಕಿದೆವು.

ಇಲ್ಲಿ ಎರಡು ಜಾತಿ ಇವೆ. ನೋಡುವುದಕ್ಕೆ ಒಂದೇ ಥರ. ದೊಡ್ಡದರಲ್ಲಿ ಬಾಲ ಮುಂಗೈಗಿಂತ ಗಿಡ್ಡ, ಚಿಕ್ಕದರಲ್ಲಿ ಮುಂಗೈಗಿಂತ ಉದ್ದ. ಕ್ಯಾಲಿಪರ್ ಇಟ್ಟು ಮುಂಗೈ ಅಳೆಯುವುದು ಸುಲಭ. ಬಾಲ ಮಾತ್ರ ಸುತ್ತಿಕೊಳ್ಳುತ್ತಲೇ ಇರುತ್ತದೆ. ಅದನ್ನು ಎಳೆಯಬಾರದು. ನೆಟ್ಟಗಾಗುವವರೆಗೆ ಸುಮ್ನೆ ಕಾಯಬೇಕು. ಆಮೇಲೆ ರೆಕ್ಕೆ ಬಿಡಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ವಯಸ್ಸೂ ತಿಳಿಯುತ್ತದೆ. ಮರಿಯಾದರೆ ಬೆರಳಿನ ಗಂಟಿನಲ್ಲಿ ಬೆಳಕು ಹಾಯುತ್ತದೆ, ಬೆಳೆದದ್ದರಲ್ಲಿ ಗಂಟು ಗಟ್ಟಿ, ದುಂಡಗೆ.

ಎಡವಿದ್ದು ತೂಕದಲ್ಲಿ. ಚೀಲದ ಸಮೇತ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಸಂಜೆಯೇ ತೂಗಿಟ್ಟಿದ್ದ ಖಾಲಿ ಚೀಲದ ತೂಕ ಕಳೆಯುತ್ತಾ ಹೋದೆ. ಎಲ್ಲವೂ ಭಾರಿ ಗುಂಡುಗುಂಡಾಗಿವೆ ಅಂತ ಖುಷಿಯಾಯಿತು. ಕೊನೆಯ ಚೀಲ ಮಡಚುವಾಗ ಕೈ ಒದ್ದೆ! ಹೆದರಿದ ಬಾವಲಿ ಉಚ್ಚೆ ಹೊಯ್ಯುತ್ತದೆ, ಹಿಕ್ಕೆ ಹಾಕುತ್ತದೆ. ಅದೆಲ್ಲ ನನ್ನ ಲೆಕ್ಕದಲ್ಲಿ ಕೊಬ್ಬಾಗಿ ಸೇರಿತ್ತು. ಇಷ್ಟು ಸಣ್ಣ ಪ್ರಾಣಿಗೆ ಒಂದೆರಡು ಗ್ರಾಂ ಅಂದರೆ ಜಾಸ್ತಿಯೇ ಅಲ್ವಾ?

ಮರುರಾತ್ರಿಯಿಂದ ಬಾವಲಿಯನ್ನು ಹೊರತೆಗೆದ ತಕ್ಷಣ ಅದೇ ಚೀಲವನ್ನು ಮತ್ತೆ ತೂಗಿದೆ. ಮೊದಲ ರಾತ್ರಿಯ ತೂಕಗಳ ಮೇಲೆ ಕೆಂಪು ಗೀಟು ಎಳೆದೆ. ಮುಂಗೈ, ಬಾಲದ ಅಳತೆ ಮಾತ್ರ ಉಳಿಸಿಕೊಂಡೆ.