ಬಂಡೆ ಸಿಡಿಯುವ ಮುನ್ನ: ಡಿಟೋನೇಟರ್, ಪ್ರೈಮರ್‌ಗಳ ಕೆಲಸವೇನು?

ಕಲ್ಲುಕ್ವಾರಿಯಲ್ಲಿ ಬಂಡೆ ಸೀಳುವ ಮುಖ್ಯ ಮದ್ದು ಬಲು ಜಡ. ಆನ್‌ಫೋದಂಥ (ಅಮೋನಿಯಂ ನೈಟ್ರೇಟಿಗೆ ಇಂಧನ ತೈಲ ಬೆರೆಸಿದ) ಮದ್ದನ್ನು ಬಂಡೆಯಲ್ಲಿ ಕೊರೆದ ಕುಳಿಗೆ ಸುರಿದು ಒಂದು ಕಿಡಿ ತಾಕಿಸಿದರೆ ಅದು ಬಂಡೆ ಒಡೆಯುವಂತೆ ಸಿಡಿಯುವುದಿಲ್ಲ. ಬೆರಳಿನಷ್ಟೇ ಇರುವ ಡಿಟೋನೇಟರ್ ಇದಕ್ಕೆ ತದ್ವಿರುದ್ಧ. ಪೆಟ್ಟು, ಶಾಖ, ಕಿಡಿ ಯಾವುದನ್ನೂ ಅದು ತಾಳದು. ಇವೆರಡರ ನಡುವೆ ನಿಲ್ಲುವುದೇ ಪ್ರೈಮರ್: ಡಿಟೋನೇಟರ್‌ನ ಪುಟ್ಟ ಸಿಡಿತವನ್ನು ಹಿಗ್ಗಿಸಿ ಮುಖ್ಯ ಮದ್ದಿಗೆ ದಾಟಿಸುತ್ತದೆ. ಸಿಡಿತದಿಂದಲೇ ಸಿಡಿತ ಹುಟ್ಟಿಸುವ ಈ ಉಪಾಯವನ್ನು 1860ರ ದಶಕದಲ್ಲಿ ಬಳಕೆಗೆ ತಂದವರು ಆಲ್ಫ್ರೆಡ್ ನೊಬೆಲ್.

ಮೊದಲ ಹಂತ, ದೂರ ಇಡುವುದು. ಡಿಟೋನೇಟರ್‌ಗಳಿಗೂ ಮದ್ದಿಗೂ ಬೇರೆ ಬೇರೆ ಉಗ್ರಾಣ. ಮದ್ದು ಸಿಡಿಸಲು ಪರವಾನಗಿ ಪಡೆದ ಕೆಲಸಗಾರ, ಅಂದರೆ ಬ್ಲಾಸ್ಟರ್, ಅವೆರಡನ್ನು ಒಂದುಗೂಡಿಸುವುದು ಕುಳಿಯ ಬಳಿ, ಕೊನೆಯ ಗಳಿಗೆಯಲ್ಲಿ, ಅಂದಿಗೆ ಬೇಕಾದಷ್ಟನ್ನು ಮಾತ್ರ. ಉಳಿದೆಲ್ಲ ನಿಯಮಗಳಿಗಿಂತ ಇದೇ ದೊಡ್ಡದೆಂದು ನನ್ನ ನಂಬಿಕೆ.

ಮದ್ದು ತುಂಬಿದ ಮೇಲೆ ಕುಳಿಯ ಬಾಯನ್ನು ಜಲ್ಲಿಯಿಂದ ಮುಚ್ಚುತ್ತಾರೆ. ಇಲ್ಲದಿದ್ದರೆ ಅನಿಲದ ಒತ್ತಡವೆಲ್ಲ ಮೇಲಕ್ಕೆ ಸೋರಿ, ಬಂಡೆ ಒಡೆಯುವ ಬದಲು ಕಲ್ಲುಚೂರು ದೂರದೂರಕ್ಕೆ ಹಾರುತ್ತದೆ.

ನಿಜವಾದ ಜಾಣ್ಮೆ ಇರುವುದು ಸಮಯದಲ್ಲಿ. ದೂರದಲ್ಲಿ ನಿಂತವರಿಗೆ ಕೇಳುವುದು ಒಂದೇ ಸದ್ದು, ಆದರೆ ಕುಳಿಗಳು ಸಿಡಿಯುವುದು ಒಂದರ ಹಿಂದೊಂದು. ನಡುವಿನ ಬಿಡುವು ಹಲವು ಸಲ ಬರೀ 25 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗ. ಮೊದಲು ಸಿಡಿದ ಎದುರಿನ ಸಾಲಿನ ಕಲ್ಲು ಸರಿದು ಅದರ ಹಿಂದಿರುವ ಸಾಲಿಗೆ ಜಾಗ ಬಿಡುತ್ತದೆ. ಎಲ್ಲವೂ ಒಟ್ಟಿಗೆ ಸಿಡಿಯದ ಕಾರಣ ನೆಲದ ಕಂಪನವೂ ತಗ್ಗುತ್ತದೆ. ಸುತ್ತಲಿನ ಮನೆಗಳ ಗೋಡೆ ಬಿರುಕು ಬಿಡದೆ ಉಳಿಯುವುದು ಈ ಲೆಕ್ಕದಿಂದಲೇ. ಚಿಪ್ ಇರುವ ಎಲೆಕ್ಟ್ರಾನಿಕ್ ಡಿಟೋನೇಟರ್‌ಗಳಲ್ಲಿ ಈ ಬಿಡುವನ್ನು ಒಂದೊಂದು ಮಿಲಿಸೆಕೆಂಡಿನಷ್ಟು ನಿಖರವಾಗಿ ಹೊಂದಿಸಬಹುದು. ಹಳೆಯ ವಿದ್ಯುತ್ ಡಿಟೋನೇಟರ್‌ಗಳಿಗೆ ಸಿಡಿಲಿನ ಭಯವಿದೆ. ಗುಡುಗು ಕೇಳಿಸಿದರೆ ಕೆಲಸ ನಿಲ್ಲಿಸಿ ಎಲ್ಲರೂ ದೂರ ಸರಿಯಬೇಕು.

ಆಮೇಲೆ ಸೈರನ್, ದಾರಿಗಳಲ್ಲಿ ಕಾವಲು, ಸಿಡಿತ.

ಸದ್ದು ಅಡಗಿತೆಂದು ಒಳಗೆ ಓಡುವ ಹಾಗಿಲ್ಲ. ಹೊಗೆ ಕರಗಬೇಕು, ನಿಗದಿಯಾದಷ್ಟು ಹೊತ್ತು ಕಾಯಬೇಕು, ಬ್ಲಾಸ್ಟರ್ ಮೊದಲು ಹೋಗಿ ನೋಡಬೇಕು. ಸಿಡಿಯದೆ ಉಳಿದ ಕುಳಿಯೊಂದು ಕಲ್ಲುರಾಶಿಯ ಕೆಳಗೆ ಅಡಗಿದ್ದರೆ, ಅದನ್ನರಿಯದೆ ಯಂತ್ರದಿಂದ ಕಲ್ಲು ಬಾಚಿದವನ ಜೀವಕ್ಕೇ ಕುತ್ತು. ಎಲ್ಲ ಸರಿಯಿದೆ ಎಂಬ ಸೈರನ್ ಮೊಳಗುವುದು ಈ ಪರಿಶೀಲನೆಯ ನಂತರವೇ.

ಕ್ವಾರಿಯ ಸುತ್ತಮುತ್ತ ತಂತಿಯೋ ಪ್ಲಾಸ್ಟಿಕ್ ನಳಿಕೆಯೋ ಅಂಟಿಕೊಂಡ ಪುಟ್ಟ ಲೋಹದ ಕೊಳವೆ ಕಂಡರೆ ಮುಟ್ಟಬೇಡಿ, ಕಲ್ಲೆಸೆಯಬೇಡಿ. ಮಕ್ಕಳನ್ನು ದೂರ ಕರೆದುಕೊಂಡು ಹೋಗಿ, ಜಾಗ ಗುರುತಿಟ್ಟುಕೊಂಡು ಪೊಲೀಸರಿಗೆ ತಿಳಿಸಿ. ಅದು ಎಷ್ಟೇ ಹಳೆಯದಾದರೂ, ತುಕ್ಕು ಹಿಡಿದಿದ್ದರೂ, ಬೆರಳುಗಳನ್ನು ಕಿತ್ತುಹಾಕುವ ಶಕ್ತಿ ಅದರೊಳಗೆ ಇದ್ದೇ ಇರಬಹುದು.