ಬಂಡೆ ಬರೆಯಲು ಬಿರುಕಿನಿಂದ ಶುರು

ಹಂಪಿಯ ಹೇಮಕೂಟ ಗುಡ್ಡದಲ್ಲಿ ಕೂತು ಜಲವರ್ಣದಲ್ಲಿ ಬಂಡೆ ಬರೆಯುವಾಗ ನಾನು ಮೊದಲು ಹುಡುಕುವುದು ಬಿರುಕುಗಳನ್ನು. ನಾಲ್ಕೈದು ಗುಂಡುಬಂಡೆಗಳನ್ನು ದಾಟಿ ಹೋಗುವ ಉದ್ದನೆಯ ಬಿರುಕು ಒಂದಾದರೂ ಸಿಕ್ಕೇ ಸಿಗುತ್ತದೆ. ಪೆನ್ಸಿಲ್ಲಿನಲ್ಲಿ ಅದನ್ನು ತೆಳ್ಳಗೆ ಎಳೆದುಕೊಂಡ ಮೇಲೆಯೇ ಬಂಡೆಗಳ ಅಂಚು.

ಇದನ್ನು ನನಗೆ ಕಲಿಸಿದ್ದು ಭೂವಿಜ್ಞಾನ. ಅಲ್ಲಿನ ಗ್ರಾನೈಟು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾದದ್ದು. ಒಡಲಲ್ಲಿ ಬಿರುಕು ಬಿಟ್ಟು ಚೌಕಚೌಕವಾದ ಕಲ್ಲಿಗೆ ನೀರು ಇಳಿಯಿತು. ಮುಖಕ್ಕಿಂತ ಅಂಚು, ಅಂಚಿಗಿಂತ ಮೂಲೆ ಬೇಗ ಸವೆಯಿತು, ಏಕೆಂದರೆ ಮೂಲೆಗೆ ಮೂರು ಕಡೆಯಿಂದ ಪೆಟ್ಟು. ಹೀಗೆ ಎಷ್ಟೋ ಬಂಡೆಗಳು ಇದ್ದಲ್ಲೇ ದುಂಡಗಾದವು. ಇದು ಗೊತ್ತಿದ್ದರೆ ಒಂದರ ಮೇಲೊಂದು ಕೂತ ಬಂಡೆಗಳು ಚಿತ್ರದಲ್ಲಿ ತೇಲುವುದಿಲ್ಲ, ಭಾರವಾಗಿ ಕೂರುತ್ತವೆ.

ಬಣ್ಣಕ್ಕೆ ಹತ್ತಿರ ಹೋಗಿ ಕಲ್ಲಿನ ಹರಳುಗಳನ್ನು ನೋಡಬೇಕು. ಗುಲಾಬಿ ಛಾಯೆಯ ಫೆಲ್ಡ್‌ಸ್ಪಾರ್, ಗಾಜಿನಂಥ ಬೂದು ಕ್ವಾರ್ಟ್ಜ್, ನಡುನಡುವೆ ಕರಿ ಅಭ್ರಕದ ಚುಕ್ಕಿ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಚೂರು ಕೆಂಪು ಬೆರೆಸಿ ಮೊದಲ ತೆಳು ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಲೇಪ, ಕೊಡುತ್ತೇನೆ. ಒಣಗಿದ ಮೇಲೆ ಒರಟು ಕಾಗದದ ಮೇಲೆ ನೀರು ಕಡಿಮೆಯಿರುವ ಬಣ್ಣದ ಒಣಕುಂಚ ಸವರಿದರೆ ಹರಳಿನ ತರಿ ತಾನಾಗಿ ಮೂಡುತ್ತದೆ. ಒಂದೊಂದೇ ಚುಕ್ಕಿ ಇಡಬೇಕಿಲ್ಲ. ನೆರಳಿಗೆ ಅದೇ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನೀಲಿ. ಟ್ಯೂಬಿನ ಕಪ್ಪು ಹಾಕಿದರೆ ಬಂಡೆ ಸತ್ತುಹೋಗುತ್ತದೆ, ಅದನ್ನು ನಾನು ಮುಟ್ಟುವುದೇ ಇಲ್ಲ. ಮಳೆನೀರು ಇಳಿದು ಮೂಡಿದ ಕಪ್ಪು ಪಟ್ಟೆಗಳಿಗೆ ಬೋರ್ಡನ್ನು ಓರೆ ಹಿಡಿದು ಬಣ್ಣವನ್ನೇ ಕೆಳಗೆ ಹರಿಯಬಿಡುತ್ತೇನೆ.

ಬೆಣೆ ಹೊಡೆದು ಸೀಳಿದ ಬಂಡೆಗಳೂ ಹಂಪಿಯಲ್ಲಿ ಬೇಕಾದಷ್ಟಿವೆ. ಅಂಚಿನುದ್ದಕ್ಕೂ ಉಳಿಯ ಗುಳಿಗಳ ಸಾಲು, ಪಕ್ಕದಲ್ಲಿ ಚಪ್ಪಟೆ ಮುಖ. ಆ ಮುಖಕ್ಕೆ ಒಂದೇ ಸಮ ವಾಶ್, ಅಂಚು ಮಾತ್ರ ಚೂಪು. ಕಲ್ಲುಕುಟಿಗರ ಕೆಲಸ ಮತ್ತು ಮಳೆಗಾಳಿಯ ಕೆಲಸ ಬೇರೆಬೇರೆ ಎಂದು ನೋಡುವವರಿಗೆ ಕಾಣಲೇಬೇಕು.

ಬಾದಾಮಿಯಲ್ಲಿ ಈ ಕ್ರಮ ನಡೆಯುವುದಿಲ್ಲ. ಅದು ಮರಳುಗಲ್ಲು, ಪದರದ ಮೇಲೆ ಪದರ. ಅಲ್ಲಿ ಚಪ್ಪಟೆ ಕುಂಚವನ್ನು ಅಡ್ಡಡ್ಡ ಎಳೆಯುತ್ತೇನೆ. ಕೆಲವು ಪದರಗಳೊಳಗೆ ಓರೆ ಗೆರೆಗಳಿರುತ್ತವೆ. ಹಿಂದೆ ಹರಿದ ನೀರು ಮರಳನ್ನು ಯಾವ ಕಡೆ ತಳ್ಳಿತೆಂದು ಅವು ಹೇಳುತ್ತವೆ, ಹಾಗಾಗಿ ಓರೆಯ ದಿಕ್ಕು ತಪ್ಪದಂತೆ ನೋಡಿಕೊಳ್ಳುತ್ತೇನೆ. ಚಾಲುಕ್ಯರ ಗುಹೆಗಳಲ್ಲಿ ಕಲ್ಲಿನ ಬಣ್ಣದ ಪಟ್ಟೆಗಳು ಶಿಲ್ಪಗಳ ಮೈಮೇಲೂ ಹಾದುಹೋಗಿವೆ. ವಿಗ್ರಹ ಬರೆಯುವಾಗ ಅವನ್ನು ಅಳಿಸಿ ಮೈಯನ್ನು ನುಣ್ಣಗೆ ಮಾಡುವವರಿದ್ದಾರೆ. ನಾನು ಗೋಡೆಯಲ್ಲಿ ಶುರುವಾದ ಪಟ್ಟೆಯನ್ನು ಭುಜದ ಮೇಲೂ ಎಳೆದು ಆಚೆ ಗೋಡೆಗೆ ಸೇರಿಸುತ್ತೇನೆ.